ಬೆಳಕು ಹರಿದ ಮೇಲೆ ಬಾ

ಮೊದಲನೆಯ ತೆನೆ ಅವನ ಟೋಪಿಯನ್ನು ಹಾರಿಸಿತು. ಎರಡನೆಯದು ಬೆನ್ನಿಗೆ ಬಿತ್ತು. ಮೂರನೆಯದನ್ನು ಗೆಸಿನಾ ಗುರಿಯಿಟ್ಟು ಬೀಸುವಷ್ಟರಲ್ಲಿ ಅವನು ಬಣ್ಣದ ಡಬ್ಬಿಯನ್ನೇ ಗುರಾಣಿಯಂತೆ ಮುಖಕ್ಕೆ ಅಡ್ಡ ಹಿಡಿದ. ಒಣಗಿದ ಮುಸುಕಿನ ಜೋಳದ ತೆನೆ ತಗಡಿಗೆ ಬಡಿದು ಠಣ್ಣೆಂದಿತು.

"ಏಯ್, ನಿಲ್ಸೇ! ಕಣ್ಣು ಹೋಗುತ್ತೆ!"

"ಹೋಗ್ಲಿ! ಹೋದ ವಾರ ಬಳಿದಿದ್ದು ಸಾಲ್ಲಿಲ್ವಾ? ಇವತ್ತೇನು, ನಮ್ಮ ಹಸುಗಳಿಗೂ ಹಳದಿ ಬಳಿಯೋಕೆ ಬಂದ್ರಾ?"

"ಮೊದ್ಲು ಬಣ್ಣ ನೋಡು. ಆಮೇಲೆ ಹೊಡಿ!"

ಪೂರ್ವದಲ್ಲಿ ಒಂದು ಬಿಳಿ ಗೆರೆಯಷ್ಟೇ ಮೂಡಿತ್ತು. ನಾಲ್ಕನೆಯ ತೆನೆಯನ್ನು ಕೈಯಲ್ಲೇ ಹಿಡಿದುಕೊಂಡು ಗೆಸಿನಾ ಗೇಟಿನ ಹತ್ತಿರ ಬಂದಳು. ಹೋದ ವಾರ ಗುಂಪೊಂದು ಬಂದು ಬಳಿದು ಹೋಗಿದ್ದ ಹಳದಿ, ಅಂದರೆ ದೇಶದ್ರೋಹಿಗಳ ಗೇಟಿಗೆ ಬಳಿಯುವ ಬಣ್ಣ, ಈಗ ಅರ್ಧ ಮಾತ್ರ ಉಳಿದಿತ್ತು. ಇನ್ನರ್ಧದ ಮೇಲೆ ಹಸಿ ಕೆಂಪು ಮಿನುಗುತ್ತಿತ್ತು. ಕೊಟ್ಟಿಗೆಗೆ ಬಳಿಯುವ ಗಟ್ಟಿ ಕೆಂಪು. ಅವನ ಬ್ರಶ್ಶೂ ಕೆಂಪು. ಮೂಗಿನ ತುದಿಯೂ ಕೆಂಪು.

ಡಬ್ಬಿ ಮೆಲ್ಲಗೆ ಕೆಳಗಿಳಿಯಿತು. ಅದರ ಹಿಂದಿನಿಂದ ಲೋರನ್ ಪೆಕ್‌ನ ಮುಖ ಹೊರಬಂತು.

ರಸ್ತೆಯಾಚೆಯ ಹೊಲದ ಹುಡುಗ. ಶಾಲೆಯಲ್ಲಿ ಅವಳ ಊಟದ ಡಬ್ಬಿಯಿಂದ ಸಾಸೇಜು ಕದ್ದು, ಆ ಜಾಗದಲ್ಲಿ ಸೇಬು ಇಟ್ಟು ಹೋಗುತ್ತಿದ್ದವನು. ಈಗ ಆಳೆತ್ತರ ಬೆಳೆದಿದ್ದಾನೆ. ಅದಕ್ಕಿಂತ ಹೆಚ್ಚಾಗಿ, ಆ ಸೀಮೆಯ ದೇಶರಕ್ಷಣಾ ಸಮಿತಿಯ ಮುಖ್ಯಸ್ಥ ಏಮಸ್ ಪೆಕ್‌ನ ಮಗ.

"ಹಳದಿ ಬಳಿದಿದ್ದು ನಾನಲ್ಲ," ಎಂದ ಲೋರನ್.

"ಗೊತ್ತು. ನಿಮ್ಮಪ್ಪ."

ಅವನು ಬ್ರಶ್ಶನ್ನೇ ನೋಡಿದ. "ಅದಕ್ಕೇ ಬಂದೆ."

"ಅದಕ್ಕೇ ಕತ್ತಲಲ್ಲಿ ಬಂದೆ," ಎಂದು ಗೆಸಿನಾ ತಿದ್ದಿದಳು.

ಅವಳ ಅಣ್ಣ ಓಕ್ಕೊ ಅಮೆರಿಕದ ಸಮವಸ್ತ್ರ ತೊಟ್ಟು, ಫ್ರಾನ್ಸಿನ ಕೆಸರಿನಲ್ಲಿ ನಿಂತು ಜರ್ಮನಿಯ ವಿರುದ್ಧವೇ ಕಾದಾಡುತ್ತಿದ್ದ. ಮಗ ಸೈನ್ಯದಲ್ಲಿದ್ದಾನೆಂದು ಸಾರುವ ನೀಲಿ ನಕ್ಷತ್ರದ ಬಾವುಟ ಕಿಟಕಿಯಲ್ಲಿ ತೂಗುತ್ತಿತ್ತು. ಆದರೂ ಊರಿನ ಕಣ್ಣಿಗೆ ಗೆಸಿನಾಳ ಮನೆಯವರು, ಫೋಲ್ಕರ್ಟ್ಸ್ ಕುಟುಂಬ, ಜರ್ಮನ್ನರು. ಅಯೋವಾದ ಈ ಕಪ್ಪು ಮಣ್ಣಿನಲ್ಲಿ ಮೂವತ್ತು ಬೆಳೆ ತೆಗೆದರೂ ಜರ್ಮನ್ನರೇ. ಬೀದಿಯಲ್ಲಿ ತಮ್ಮ ಭಾಷೆಯ ಮಾತು ಆಡುವಂತಿಲ್ಲ, ಫೋನಿನಲ್ಲಿ ಆಡುವಂತಿಲ್ಲ, ಚರ್ಚಿನಲ್ಲಿ ಹಾಡುವಂತಿಲ್ಲ. ಫೋನಿನ ಚಿಂತೆಯಂತೂ ಬೇಗ ಮುಗಿದಿತ್ತು. ಬೇಸಿಗೆಯಲ್ಲೇ ಸಮಿತಿಯವರು ತಂತಿ ಕತ್ತರಿಸಿ ಹೋಗಿದ್ದರು.

ಅಡುಗೆಮನೆಯ ಬಾಗಿಲು ಕಿರುಗುಟ್ಟಿತು. ಹೊಸ್ತಿಲಲ್ಲಿ ಅಜ್ಜಿ ಓಮಾ ಶಾಲು ಹೊದ್ದು ನಿಂತಿದ್ದಳು. ಗೇಟನ್ನು ನೋಡಿದಳು, ಹುಡುಗನನ್ನು ನೋಡಿದಳು, ಬಿದ್ದ ತೆನೆಗಳನ್ನು ನೋಡಿದಳು. ತನ್ನ ಹಳೆಯೂರಿನ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಏನಂದ್ರು?" ಎಂದ ಲೋರನ್, ಹೆದರಿ.

"ಕೆಲಸ ಮಾಡಿದೋರನ್ನ ಚಹಾ ಕೊಡದೆ ಯಾಕೆ ಹೊರಗೆ ನಿಲ್ಸಿದ್ದೀಯ ಅಂತ ಬೈತಿದ್ದಾಳೆ. ಬಾ. ಟೋಪಿ ಎತ್ಕೋ."

*

ಓಮಾ ಹುಟ್ಟಿದ ಜರ್ಮನಿಯ ಕಡಲಂಚಿನ ಸೀಮೆಯವರಿಗೆ ಕಾಫಿ ಎಂದರೆ ಔಷಧಿ, ಚಹಾ ಎಂದರೆ ಮರ್ಯಾದೆ. ತೆಳುವಾದ ಬಟ್ಟಲಿನ ತಳಕ್ಕೆ ಮೊದಲು ಕಲ್ಲುಸಕ್ಕರೆಯ ಹರಳು. ಅದರ ಮೇಲೆ ಕುದಿಯುವ ಚಹಾ ಬಿದ್ದಾಗ ಹರಳು ಚಟಪಟ ಸಿಡಿಯಬೇಕು. ಆಮೇಲೆ ಅಂಚಿನಿಂದ ಕೆನೆ. ಕಲಕಬಾರದು. ಪಕ್ಕದಲ್ಲಿ ಚಮಚ ಇಟ್ಟಿರುತ್ತಾರೆ, ಆದರೆ ಅದು ಕಲಕಲಿಕ್ಕಲ್ಲ. ಕುಡಿದವರು ಸಾಕೆನಿಸಿದಾಗ ಚಮಚವನ್ನು ಬಟ್ಟಲಿನೊಳಗೆ ಇಡುತ್ತಾರೆ. ಇಡುವ ತನಕ ಮನೆಯವರು ಸುರಿಯುತ್ತಲೇ ಇರಬೇಕು.

ಇದು ಲೋರನ್‌ಗೆ ಗೊತ್ತಿರಲಿಲ್ಲ. ಗೆಸಿನಾ ಹೇಳಲೂ ಇಲ್ಲ.

ಅವನು ಬಟ್ಟಲು ಖಾಲಿ ಮಾಡಿದ. ಓಮಾ ತುಂಬಿದಳು. ಮರ್ಯಾದೆಗೆಂದು ಅದನ್ನೂ ಕುಡಿದ. ಓಮಾ ಸಂತೋಷದಿಂದ ಮತ್ತೆ ತುಂಬಿದಳು.

"ಒಳ್ಳೆ ಕಿವಿ ಇದೆ ಈ ಹುಡುಗನಿಗೆ," ಎಂದಳು ಓಮಾ ತನ್ನ ಮಾತಿನಲ್ಲಿ. "ಅಂಟಿಕೊಂಡ ಕಿವಿ. ಇಂಥೋರು ಹೆಂಡ್ತಿ ಮಾತು ಕೇಳ್ತಾರೆ."

"ಏನಂದ್ರು?"

"ನಿನ್ನ ಮೂಗಿಗೆ ಬಣ್ಣ ಹತ್ತಿದೆಯಂತೆ."

ಅವನು ತೋಳಿನಿಂದ ಮೂಗು ಉಜ್ಜಿಕೊಂಡ. ಕೆಂಪು ಕೆನ್ನೆಗೂ ಹರಡಿತು. ಒಲೆಯ ಪಕ್ಕದಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ ಅಪ್ಪ ಹಿನ್ರಿಕ್ ತಲೆ ಎತ್ತದೆಯೇ ಮೀಸೆಯೊಳಗೆ ನಕ್ಕ. ಗೇಟಿಗೆ ಹಳದಿ ಬಿದ್ದ ದಿನದಿಂದ ಅವನು ನಕ್ಕದ್ದು ಅದೇ ಮೊದಲು.

ಇನ್ನೊಂದು ಬಟ್ಟಲು. ಮತ್ತೊಂದು. ಲೋರನ್‌ನ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಮೇಜಿನ ಮೇಲೆ ಬಾಗಿ, ಗುಟ್ಟು ಹೇಳುವವನಂತೆ ಪಿಸುಗುಟ್ಟಿದ. "ಗೆಸಿನಾ, ಬೇಜಾರು ಮಾಡ್ಕೋಬೇಡ. ನಿಮ್ಮ ಮನೇಲಿ ಈ ಚಹಾ ಯಾವತ್ತು ಮುಗಿಯುತ್ತೆ?"

ಗೆಸಿನಾ ಮೇಜಿನ ಅಂಚು ಹಿಡಿದು ನಕ್ಕಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಕೈ ಚಾಚಿ, ಅವನ ತಟ್ಟೆಯ ಚಮಚ ತೆಗೆದು ಅವನ ಬಟ್ಟಲಿನೊಳಗೆ ಇಟ್ಟಳು. ಅವನ ಬೆರಳು ಬಟ್ಟಲಿನ ಮೇಲೇ ಇತ್ತು. ಅವಳ ಬೆರಳು ಅದಕ್ಕೆ ತಗುಲಿತು. ಬಿಸಿ ಬಟ್ಟಲಿನದೋ ಬೆರಳಿನದೋ ತಿಳಿಯಲಿಲ್ಲ.

"ಸಾಕು ಅನ್ನೋಕೆ ಇಷ್ಟೇ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಎದ್ದು ಹೋಗ್ತಿದ್ದೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೇ ಕೇಳಿಸಿತು. ಕಿಟಕಿಯ ಕಡೆ ತಿರುಗಿದಳು. ಲೋರನ್ ಚಮಚವನ್ನು ಮೆಲ್ಲಗೆ ಬಟ್ಟಲಿನಿಂದ ತೆಗೆದು, ಒರೆಸಿ, ತಟ್ಟೆಯಲ್ಲಿಟ್ಟ.

ಓಮಾ ಏನೂ ಅರ್ಥವಾಗದವಳಂತೆ ಮತ್ತೆ ಸುರಿದಳು.

*

ಗೇಟಿನ ಉಳಿದರ್ಧಕ್ಕೂ ಕೆಂಪು ಬಳಿದು ಮುಗಿಸಿದ ಮೇಲೆ ಅವನು ದಿನಾ ಬೆಳಗಿನ ಜಾವಕ್ಕೆ ಬರತೊಡಗಿದ. ಓಕ್ಕೊ ಇಲ್ಲದ ಮನೆಯಲ್ಲಿ ಜೋಳ ಬಿಡಿಸಲು ಇದ್ದದ್ದು ಅಪ್ಪ, ಮಗಳು ಇಬ್ಬರೇ. ಹಿಮ ಬೀಳುವ ಮೊದಲು ತೆನೆ ಗಾಡಿಗೇರದಿದ್ದರೆ ವರ್ಷದ ಬೆಳೆ ನಿಂತಲ್ಲೇ ಕೊಳೆಯುತ್ತಿತ್ತು.

ಅಂಗೈಗೆ ಕೊಕ್ಕೆ ಕಟ್ಟಿಕೊಂಡು, ಸಿಪ್ಪೆ ಸೀಳಿ, ತೆನೆ ಮುರಿದು, ನೋಡದೆಯೇ ಗಾಡಿಗೆ ಎಸೆಯುವುದು ಆ ಸೀಮೆಯ ಪದ್ಧತಿ. ಗಾಡಿಯ ಒಂದು ಬದಿಗೆ ಎತ್ತರದ ಹಲಗೆ ನಿಲ್ಲಿಸಿರುತ್ತಾರೆ. ತೆನೆ ಹಲಗೆಗೆ ಬಡಿದು ಒಳಗೆ ಬೀಳುತ್ತದೆ. ದಢ್, ದಢ್, ದಢ್. ಚಳಿಯ ಬೆಳಗಿನಲ್ಲಿ ಆ ಸದ್ದು ಬಹುದೂರ ಕೇಳುತ್ತದೆ. ಯಾವ ಹೊಲದಲ್ಲಿ ಯಾರ ತೋಳು ಓಡುತ್ತಿದೆ ಎಂದು ಜನ ಮನೆಯೊಳಗೇ ಕೂತು ಹೇಳುತ್ತಾರೆ. ಲೋರನ್‌ನ ಸದ್ದನ್ನಂತೂ ಯಾರೂ ತಪ್ಪಾಗಿ ಗುರುತಿಸುವಂತಿರಲಿಲ್ಲ. ಅವನು ಎಡಗೈಯವನು. ಎರಡು ತೆನೆ ಬೆನ್ನು ಬೆನ್ನಿಗೆ ಎಸೆದು, ಒಂದು ಉಸಿರು ನಿಲ್ಲುತ್ತಿದ್ದ. ದಢ್‌ದಢ್... ದಢ್‌ದಢ್...

ಅದಕ್ಕೇ ಫೋಲ್ಕರ್ಟ್ಸ್ ಹೊಲದಲ್ಲಿ ಅವನು ಹಲಗೆಯನ್ನು ಕಳಚಿಡುತ್ತಿದ್ದ. ಒಂದೊಂದೇ ತೆನೆಯನ್ನು ಗಾಡಿಯ ಹತ್ತಿರ ಹೋಗಿ ಒಳಗಿಡುತ್ತಿದ್ದ.

"ಜೋಳ ಬಿಡಿಸ್ತಿದ್ದೀಯೋ, ಮೊಟ್ಟೆ ಜೋಡಿಸ್ತಿದ್ದೀಯೋ?" ಎಂದಳು ಗೆಸಿನಾ ಪಕ್ಕದ ಸಾಲಿನಿಂದ.

"ನಿಮ್ಮ ಜೋಳ ನಾಜೂಕು. ನೋವಾದೀತು ಅಂತ."

"ಜೋಳಕ್ಕೋ, ನಿಮ್ಮಪ್ಪನ ಕಿವಿಗೋ?"

ಒಣಗರಿಗಳ ನಡುವಿನಿಂದ ಕೈ ತೂರಿಸಿ, ಅವಳ ತಲೆಗೂದಲಿಗೆ ಸಿಕ್ಕಿದ್ದ ಸಿಪ್ಪೆಯೊಂದನ್ನು ಬಿಡಿಸಿದ. ಬಿಡಿಸಿದ ಮೇಲೂ ಕೈ ಅಲ್ಲೇ ಒಂದು ಗಳಿಗೆ ಉಳಿಯಿತು. ಅವನ ಉಸಿರಿನ ಹಬೆ ಅವಳ ಹಣೆಗೆ ತಾಗಿತು. ಸಾಲಿನ ಕೊನೆಯಲ್ಲಿ ಕುದುರೆ ಸೀನಿದಾಗ ಇಬ್ಬರೂ ಬೆಚ್ಚಿ ದೂರ ಸರಿದರು.

ಸೂರ್ಯ ಏಳುವ ಮೊದಲು ಅವನು ಬೇಲಿ ದಾಟಿರುತ್ತಿದ್ದ. ಗೆಸಿನಾ ದಿನವಿಡೀ ನೆತ್ತಿಯ ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಹಾಲು ಕರೆಯುವಾಗ ಹಾಡು ಬಾಯಿಗೆ ಬರುತ್ತಿತ್ತು. ಹಾಡುವಂತಿಲ್ಲದ ಮಾತಿನ ಹಾಡು. ಹಸುವಿನ ಹೊಟ್ಟೆಗೆ ಹಣೆಯೊತ್ತಿ ಹಸುವಿಗೆ ಮಾತ್ರ ಕೇಳುವಂತೆ ಹಾಡಿಕೊಳ್ಳುತ್ತಿದ್ದಳು.

ಒಂದು ಶನಿವಾರ ಪೇಟೆಯ ಅಂಗಡಿಯಲ್ಲಿ ಅವನು ಎದುರಾದ. ಉಪ್ಪಿನ ಚೀಲ ಹೆಗಲಿಗೇರಿಸಿಕೊಂಡು ಹೊರಬರುತ್ತಿದ್ದ. ಹಿಂದೆಯೇ ಏಮಸ್ ಪೆಕ್, ಕೋಟಿನ ಎದೆಗೆ ಸಮಿತಿಯ ಬಿಲ್ಲೆ. ಗೆಸಿನಾಳ ಮುಖ ತಾನಾಗಿಯೇ ಅರಳಿತು. ತಡೆಯಬೇಕೆಂದರೂ ತಡೆಯಲಾಗಲಿಲ್ಲ.

ಲೋರನ್ ಅವಳನ್ನು ನೋಡಿದ. ಆಮೇಲೆ ಉಪ್ಪಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ಚೀಲ ಅವರಿಬ್ಬರ ಮುಖಗಳ ನಡುವೆ ಬಂತು. ಅವನು ದಾಟಿ ಹೋದ.

ಮರುದಿನ ಬೆಳಗಿನ ಜಾವ ಅವನು ಬೇಲಿ ಹಾರಿ ಬಂದಾಗ ಗೆಸಿನಾ ಕೊಕ್ಕೆ ಕಟ್ಟಿಕೊಂಡಿರಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದಳು.

"ಗೆಸಿನಾ, ಅಪ್ಪ ಇದ್ರು. ಏನ್ ಮಾಡ್ಲಿ ಹೇಳು."

"ಏನೂ ಬೇಡ. ಉಪ್ಪಿನ ಚೀಲ ಚೆನ್ನಾಗಿ ಹೊರ್ತೀಯ."

"ನಿನಗೋಸ್ಕರ ನಿದ್ದೆಗೆಟ್ಟು ಬರ್ತೀನಲ್ಲ, ಅದು ಲೆಕ್ಕಕ್ಕಿಲ್ವಾ?"

"ನಮ್ಮ ಗೇಟಿಗೆ ಬಣ್ಣ ಬಳಿದೋರೂ ನಿದ್ದೆಗೆಟ್ಟೇ ಬಂದಿದ್ರು, ಲೋರನ್." ಅವಳು ಕಟ್ಟಿದ ಕೈ ಬಿಚ್ಚಲಿಲ್ಲ. "ನಾನು ಕದ್ದ ಸಾಸೇಜಲ್ಲ. ಬೆಳಕು ಹರಿದ ಮೇಲೆ ಬಾ. ಎಲ್ರೂ ನೋಡೋ ಹಾಗೆ ಗೇಟು ತೆಗೆದು ಬಾ. ಇಲ್ಲಾಂದ್ರೆ ಬರಬೇಡ."

ಅವನು ತಿರುಗಿ ಬೇಲಿ ಹಾರಿ ಹೋದ.

ಮರುದಿನ ಬೆಳಕು ಹರಿಯಿತು. ಅವನು ಬರಲಿಲ್ಲ.

*

ಬಂದದ್ದು ಜ್ವರ.

ಪೇಟೆಯಲ್ಲಿ ಅದು ಆಗಲೇ ಪಾದ್ರಿಯ ಹೆಂಡತಿಯನ್ನು ಬಲಿ ತೆಗೆದುಕೊಂಡಿತ್ತು, ಕಮ್ಮಾರನ ಇಬ್ಬರು ಮಕ್ಕಳನ್ನು ತೆಗೆದುಕೊಂಡಿತ್ತು. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ಅಪ್ಪ ಮಧ್ಯಾಹ್ನ ಗಾಡಿಯ ಪಕ್ಕದಲ್ಲೇ ಕುಸಿದು ಕೂತ. ಸಂಜೆಗೆ ಅವನ ಮೈ ಒಲೆಯಾಗಿತ್ತು. ಬೆಳಗಾಗುವಷ್ಟರಲ್ಲಿ ಓಮಾಳ ಹಲ್ಲುಗಳು ಕಟಕಟಿಸತೊಡಗಿದವು.

ಗೆಸಿನಾ ಓಡಿದಳು. ಮೇಲಂತಸ್ತಿನ ಓಮಾಳ ಮಂಚಕ್ಕೆ, ಕೆಳಗಿನ ಅಪ್ಪನ ಮಂಚಕ್ಕೆ, ಬಾವಿಗೆ, ಕೊಟ್ಟಿಗೆಗೆ, ಮತ್ತೆ ಮೇಲಕ್ಕೆ. ಈರುಳ್ಳಿ ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗಿಟ್ಟಳು. ಬಾತುಕೋಳಿಯ ಕೊಬ್ಬು ತಿಕ್ಕಿದಳು. ಒಂದು ದಿನ ಕಳೆಯಿತು, ಇನ್ನೊಂದು ಕಳೆಯಿತು. ಮೂರನೆಯ ದಿನ ನಸುಕಿನಲ್ಲಿ ಅಪ್ಪನ ತುಟಿಗೆ ನೇರಳೆ ಬಣ್ಣ ಬಂದಿತ್ತು. ಉಸಿರು ಒದ್ದೆ ಚೀಲ ಎಳೆದ ಹಾಗೆ ಎಳೆಯುತ್ತಿತ್ತು. ಅವನನ್ನು ಎತ್ತಿ ಕೂರಿಸಬೇಕಿತ್ತು. ಅವಳೊಬ್ಬಳಿಂದ ಆಗಲಿಲ್ಲ. ಡಾಕ್ಟರನ್ನು ಕರೆಯಲು ಫೋನಿರಲಿಲ್ಲ. ಇಬ್ಬರನ್ನು ಬಿಟ್ಟು ಪೇಟೆಗೆ ಹೋಗುವಂತಿರಲಿಲ್ಲ.

ಅಂಗಳದ ಕಂಬದ ಮೇಲೆ ಊಟದ ಗಂಟೆ ಇತ್ತು. ಹೊಲದಲ್ಲಿರುವವರನ್ನು ಊಟಕ್ಕೆ ಕರೆಯುವ ಗಂಟೆ ಪ್ರತಿ ಮನೆಯಲ್ಲೂ ಇರುತ್ತದೆ. ಊಟದ ಹೊತ್ತಲ್ಲದ ಹೊತ್ತಿನಲ್ಲಿ, ನಿಲ್ಲಿಸದೆ ಬಾರಿಸಿದರೆ ಅರ್ಥ ಒಂದೇ: ಇದ್ದವರು ಇದ್ದ ಹಾಗೆ ಓಡಿ ಬನ್ನಿ. ಗೆಸಿನಾ ಚಿಕ್ಕವಳಿದ್ದಾಗ ಪೆಕ್ ಮನೆಯ ಕಣಜಕ್ಕೆ ಬೆಂಕಿ ಬಿದ್ದು ಅವರ ಗಂಟೆ ಹೊಡೆದುಕೊಂಡಿತ್ತು. ಅಪ್ಪ ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡೇ ಓಡಿದ್ದ.

ಅವಳು ಹಗ್ಗ ಹಿಡಿದು ಜಗ್ಗಿದಳು.

ಬಾರಿಸಿದಳು. ತೋಳು ಸೋಲುವ ತನಕ ಬಾರಿಸಿದಳು. ಚಳಿಗೆ ಹಗ್ಗ ಅಂಗೈ ಕೊಯ್ಯುತ್ತಿತ್ತು. ಬರುತ್ತಾರಾ? ಹಳದಿ ಬಳಿಸಿಕೊಂಡ ಮನೆಗೆ ಯಾರು ಬರುತ್ತಾರೆ?

ಆಗ ದೂರದಲ್ಲಿ, ಹೊಳೆಯಾಚೆ, ಒಂದು ಗಂಟೆ ಮೊಳಗಿತು.

ಇನ್ನೊಂದು ಮೊಳಗಿತು. ಗುಡ್ಡದ ಮೇಲಿನ ಮನೆಯದು. ಆಮೇಲೆ ಪೆಕ್ ಮನೆಯದೇ, ಆ ಗಡಸು ಗಂಟೆ. ಒಂದರ ಹಿಂದೊಂದು, ಒಂದರ ಮೇಲೊಂದು, ಇಡೀ ಬಯಲು ಮೊಳಗತೊಡಗಿತು. ಉತ್ತರ! ಎಲ್ಲರೂ ಉತ್ತರ ಕೊಡುತ್ತಿದ್ದಾರೆ, ಬರುತ್ತಿದ್ದೇವೆ ಎನ್ನುತ್ತಿದ್ದಾರೆ! ಅವಳು ಅಳುತ್ತಾ ನಗುತ್ತಾ ಒಳಗೆ ಓಡಿದಳು. "ಅಪ್ಪಾ, ಬರ್ತಿದ್ದಾರೆ! ಎಲ್ರೂ ಬರ್ತಿದ್ದಾರೆ, ಸ್ವಲ್ಪ ತಡ್ಕೋ!" ಮತ್ತೆ ಹೊರಗೆ ಓಡಿಬಂದು ರಸ್ತೆಗೆ ಕಣ್ಣು ನೆಟ್ಟಳು.

ಯಾರೂ ಬರಲಿಲ್ಲ.

ಗಂಟೆಗಳು ನಿಲ್ಲಲಿಲ್ಲ. ಪೇಟೆಯ ಕಡೆಯಿಂದ ರೈಲಿನ ಸಿಳ್ಳು ಒಂದೇ ಸಮನೆ ಕೂಗಿತು. ಎಲ್ಲೋ ಬಂದೂಕು ಹಾರಿತು. ರಸ್ತೆಯಲ್ಲಿ ಗಾಡಿಯೊಂದು ಬಂತು. ಅದರ ತುಂಬ ಜನ, ಕೈಯಲ್ಲಿ ಬಾವುಟ. ಅವರು ಅವಳ ಕಡೆ ನೋಡಿ ಕೈಬೀಸಿ ಕೂಗುತ್ತಾ, ಕೆಂಪು ಗೇಟನ್ನು ದಾಟಿ, ಪೇಟೆಯ ಕಡೆ ಹೋಗಿಬಿಟ್ಟರು. ಗೆಸಿನಾ ಹಗ್ಗ ಹಿಡಿದುಕೊಂಡೇ ನಿಂತಳು. ಏನಾಗಿದೆ ಇವರಿಗೆಲ್ಲ? ಜ್ವರ ತಲೆಗೇರಿದೆಯೇ?

ಆ ಗಾಡಿಯ ಹಿಂದೆ ಇನ್ನೊಂದು. ಇನ್ನೊಂದರ ಪಕ್ಕದಲ್ಲಿ, ಎಲ್ಲರೂ ಹೋಗುವ ದಿಕ್ಕಿಗೆ ಎದುರಾಗಿ, ಒಬ್ಬ ಓಡಿ ಬರುತ್ತಿದ್ದ. ಟೋಪಿ ಇಲ್ಲ. ಕೋಟಿನ ಗುಂಡಿ ಹಾಕಿಲ್ಲ. ಗಾಡಿಯವರು ಏನೋ ಕೂಗಿದರೆ ಅವನು ತಿರುಗಿಯೂ ನೋಡಲಿಲ್ಲ. ಬೇಲಿ ಹಾರಲಿಲ್ಲ. ಗೇಟಿಗೆ ಬಂದು, ಚಿಲಕ ತೆಗೆದು, ಎರಡೂ ಕದ ದೂಡಿ ಒಳಗೆ ಬಂದ.

"ಯುದ್ಧ ಮುಗೀತು," ಎಂದ ಲೋರನ್, ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಾ. "ಅದಕ್ಕೇ... ಎಲ್ರೂ ಬಾರಿಸ್ತಿದ್ದಾರೆ. ಬೆಳಗಾಗ್ತಿದ್ದ ಹಾಗೆ ಫೋನ್ ಬಂತು. ನಿನ್ನ ಗಂಟೆ ಕೇಳಿ ಅಪ್ಪ ಅಂದ್ರು, ನೋಡಿ, ಆ ಜರ್ಮನ್ನರೂ ಕುಣೀತಿದ್ದಾರೆ ಅಂತ. ಗಾಡಿ ತುಂಬ ಜನ ನಕ್ರು." ಅವನು ತಲೆಯೆತ್ತಿದ. "ನಾನು ಕೇಳ್ದೆ, ಅವರ ಫೋನ್ ತಂತಿ ನಾವೇ ಕತ್ತರಿಸಿದ್ದೀವಲ್ಲ, ಅವರಿಗೆ ಯಾರು ಹೇಳಿದ್ರು? ಗಾಡಿಯಿಂದ ಹಾರಿ ಓಡಿಬಂದೆ. ಯಾರಿಗೆ ಜ್ವರ? ಓಮಾಗಾ?"

ಗೆಸಿನಾಗೆ ಎಷ್ಟೊಂದು ಹೇಳಬೇಕಿತ್ತು. ಓಕ್ಕೊ ಮನೆಗೆ ಬರುತ್ತಾನೆ. ಅಪ್ಪನ ತುಟಿ ನೇರಳೆಯಾಗಿದೆ. ಬಾಯಿಂದ ಬಂದದ್ದು ಮಾತ್ರ ಅರ್ಥವಿಲ್ಲದ ಒಂದು ಮಾತು.

"ಬೆಳಕು ಹರಿದಿದೆ."

"ಗೊತ್ತು," ಎಂದ ಲೋರನ್. "ಎಲ್ಲಿದ್ದಾರೆ ತೋರ್ಸು."

*

ಇಬ್ಬರೂ ಸೇರಿ ಅಪ್ಪನನ್ನು ಎತ್ತಿ ದಿಂಬಿಗೊರಗಿಸಿದರು. ಕಿಟಕಿ ತೆಗೆದರು. ಲೋರನ್ ರಸ್ತೆಗೆ ಓಡಿ, ಮೆರವಣಿಗೆಯ ಗಾಡಿಯೊಂದಕ್ಕೆ ಅಡ್ಡ ನಿಂತು, ಡಾಕ್ಟರನ್ನು ಕಳಿಸಿ ಎಂದು ಕೂಗಿದ. ಮಧ್ಯಾಹ್ನಕ್ಕೆ ಡಾಕ್ಟರ್ ಬಂದರು. ನಿದ್ದೆಯಿಲ್ಲದ ಕಣ್ಣು, ಕೋಟಿಗೆ ಯಾರೋ ಚುಚ್ಚಿದ ಪುಟ್ಟ ಬಾವುಟ. ನೋಡಿದರು, ಔಷಧಿ ಕೊಟ್ಟರು, ಗಾಡಿಯಿಂದ ಬೋರ್ಡೊಂದನ್ನು ಎಳೆದರು. ಒಳಗೆ ಜ್ವರ, ಯಾರೂ ಬರಬೇಡಿ, ಯಾರೂ ಹೋಗಬೇಡಿ ಎಂಬ ಬೋರ್ಡು.

"ಏಯ್ ಪೆಕ್ ಹುಡುಗ, ಹೋಗೋದಾದ್ರೆ ಈಗ್ಲೇ ಹೊರಡು. ನಾನು ಮೊಳೆ ಹೊಡೆದೆ ಅಂದ್ರೆ ಮತ್ತೆ ನಾನೇ ಕೀಳೋ ತನಕ ಇಲ್ಲೇ."

ಗೆಸಿನಾ ಮೆಟ್ಟಿಲ ಮೇಲೆ ನಿಂತಿದ್ದಳು. ಹೋಗು ಎನ್ನಬೇಕು ಎಂದುಕೊಂಡಳು.

ಲೋರನ್ ಗೇಟಿನ ಹತ್ತಿರ ಹೋದ. ಬೋರ್ಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. "ಹೊಡೀರಿ ಡಾಕ್ಟ್ರೇ. ಸ್ವಲ್ಪ ಮೇಲಕ್ಕೆ. ಬಣ್ಣ ಹೊಸದು, ಸೊಟ್ಟ ಆದ್ರೆ ಚೆನ್ನಾಗಿರಲ್ಲ."

ಆಮೇಲಿನ ದಿನಗಳಲ್ಲಿ ಅವರಿಬ್ಬರೂ ಮೂಗಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡೇ ಬದುಕಿದರು. ಮುಖದಲ್ಲಿ ಉಳಿದದ್ದು ಕಣ್ಣು ಮಾತ್ರ. ಗೆಸಿನಾ ಆ ಕಣ್ಣುಗಳನ್ನು ಓದಲು ಕಲಿತಳು. ನಗುವಾಗ ಎಡಗಣ್ಣಿನ ಅಂಚು ಮೊದಲು ಸುಕ್ಕಾಗುತ್ತದೆ. ಸುಳ್ಳು ಹೇಳುವಾಗ ರೆಪ್ಪೆ ಬೇಗಬೇಗ ಬಡಿಯುತ್ತದೆ. ಅವಳು ಬಾಗಿ ಬಟ್ಟಲು ತೊಳೆಯುವಾಗ ಬಾಗಿಲಲ್ಲಿ ನಿಂತ ಆ ಕಣ್ಣು ಎಲ್ಲಿಗೂ ಹೋಗದೆ ನಿಂತಿರುತ್ತದೆ. ತಿರುಗಿದರೆ, ಥಟ್ಟನೆ ಸೌದೆ ಎಣಿಸತೊಡಗುತ್ತದೆ.

"ಸೌದೆ ಎಷ್ಟಿದೆ?" ಎಂದಳು ಒಮ್ಮೆ.

"ಏನು?"

"ಎಣಿಸ್ತಿದ್ದೆಯಲ್ಲ."

ಎಡಗಣ್ಣಿನ ಅಂಚು ಸುಕ್ಕಾಯಿತು. "ತಪ್ಪಿಹೋಯ್ತು. ನೀನು ಮತ್ತೆ ಆ ಕಡೆ ತಿರುಗು, ಮೊದಲಿಂದ ಎಣಿಸ್ತೀನಿ."

ಅವಳು ಒದ್ದೆ ಬಟ್ಟೆಯನ್ನು ಅವನತ್ತ ಎಸೆದಳು. ಅವನು ಎಡಗೈಯಲ್ಲಿ ಹಿಡಿದ. ಹಿಡಿದವನು ಹಿಂದಿರುಗಿಸಲು ಹತ್ತಿರ ಬಂದ. ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ಅವನ ಕೈಯಲ್ಲಿ. ಯಾರೂ ಬಿಡಲಿಲ್ಲ.

"ಅವತ್ತು ಅಂಗಡೀಲಿ," ಎಂದ ಅವನು, ಈಗ ಕಣ್ಣಲ್ಲಿ ನಗುವಿರಲಿಲ್ಲ, "ಆ ಚೀಲ ಇನ್ನೂ ನನ್ನ ಹೆಗಲ ಮೇಲೇ ಇದೆ, ಗೆಸಿನಾ. ಇಳೀತಾನೇ ಇಲ್ಲ."

"ನೀನೇ ಇಳಿಸ್ಕೋಬೇಕು. ನಾನು ಕೈ ಹಾಕಲ್ಲ."

"ನಿನ್ನ ಕಂಡ್ರೆ ನಂಗೆ..."

ಮೇಲಿನಿಂದ ಓಮಾಳ ಕೂಗು ಬಂತು. ಗಟ್ಟಿ ಕೂಗು. ದಿನಗಳಿಂದ ಕೇಳದ ಕೂಗು.

"ಏನಂತೆ?" ಎಂದ ಲೋರನ್ ಗಾಬರಿಯಿಂದ.

ಗೆಸಿನಾಳ ಕಣ್ಣು ತುಂಬಿ ಬಂತು. "ಚಹಾ ಬೇಕಂತೆ. ನಾನು ಮಾಡೋ ಚಹಾ ನಾಯಿನೂ ಕುಡಿಯಲ್ಲ, ತಾನೇ ಇಳಿದು ಬರ್ತಾಳಂತೆ!"

ಅಪ್ಪನ ಜ್ವರ ಬಿಡಲು ಇನ್ನೂ ಕೆಲವು ದಿನ ಹಿಡಿಯಿತು. ಬಿಟ್ಟ ಮಧ್ಯಾಹ್ನ ಓಮಾ ಅಡುಗೆಮನೆಯ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದಳು. ಯುದ್ಧದ ಕಾಲದಲ್ಲಿ ಸಿಗದ ಕಲ್ಲುಸಕ್ಕರೆಯ ಕೊನೆಯ ಹರಳೊಂದು ಉರುಳಿತು. ಅದನ್ನು ಮಗನ ಬಟ್ಟಲಿಗೂ ಹಾಕಲಿಲ್ಲ, ತನ್ನ ಬಟ್ಟಲಿಗೂ ಹಾಕಲಿಲ್ಲ. ಲೋರನ್‌ನ ಬಟ್ಟಲಿಗೆ ಹಾಕಿದಳು. ಚಹಾ ಸುರಿದಾಗ ಹರಳು ಸಿಡಿದು ಹಾಡಿತು. ಎಲ್ಲರೂ ಮಾತು ನಿಲ್ಲಿಸಿ ಕೇಳಿದರು.

ಬಟ್ಟಲು ಮೂರು ಸಲ ತುಂಬಿತು. ಚಮಚ ತಟ್ಟೆಯಲ್ಲೇ ಇತ್ತು.

*

ಡಾಕ್ಟರ್ ಬೋರ್ಡು ಕಿತ್ತುಕೊಂಡು ಹೋದ ಬೆಳಿಗ್ಗೆ ಆಕಾಶ ಗಾಜಿನಂತಿತ್ತು. ಹಿಮ ಇನ್ನೂ ಬಿದ್ದಿರಲಿಲ್ಲ. ಗೆಸಿನಾ ಹಿಟ್ಟು ನಾದುತ್ತಿದ್ದಳು. ಹೊಲದ ಕಡೆಯಿಂದ ಸದ್ದು ಬಂದಾಗ ಕೈ ನಿಂತಿತು.

ದಢ್‌ದಢ್... ದಢ್‌ದಢ್...

ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದಳು. ರಸ್ತೆಗೆ ಅಂಟಿಕೊಂಡ ಸಾಲಿನಲ್ಲಿ ಗಾಡಿ ನಿಂತಿತ್ತು. ಅದರ ಮೇಲೆ ಹಲಗೆ. ಇದ್ದಬದ್ದ ಹಲಗೆಯನ್ನೆಲ್ಲ ಒಂದರ ಮೇಲೊಂದು ಏರಿಸಿ ಕಟ್ಟಿದ್ದ, ಹಡಗಿನ ಹಾಯಿಯಷ್ಟು ಎತ್ತರ. ಲೋರನ್ ಎಡಗೈ ಬೀಸಿ ಬೀಸಿ ಎಸೆಯುತ್ತಿದ್ದ. ಇಡೀ ಬಯಲು ಅವನ ತೋಳಿನ ಸದ್ದನ್ನು ಕೇಳಿಸಿಕೊಳ್ಳುತ್ತಿತ್ತು.

"ಮೊಟ್ಟೆ ಒಡೆದೀತು!" ಎಂದು ಕೂಗಿದಳು, ಗೇಟಿಗೆ ಬಂದು ನಿಂತು.

"ಒಡೀಲಿ!"

ಅವಳು ನಗುತ್ತಿರುವಾಗಲೇ ರಸ್ತೆಯಲ್ಲಿ ಗಾಲಿಗಳ ಸದ್ದು ಕೇಳಿತು. ಪೇಟೆಗೆ ಜೋಳ ಒಯ್ಯುವ ಗಾಡಿಗಳ ಸಾಲು. ಎಲ್ಲಕ್ಕೂ ಮುಂದೆ ಏಮಸ್ ಪೆಕ್.

ಅವನು ಲಗಾಮು ಎಳೆದ. ಹಿಂದಿನ ಗಾಡಿಗಳೂ ನಿಲ್ಲಬೇಕಾಯಿತು. ಕೆಂಪು ಗೇಟನ್ನೊಮ್ಮೆ ನೋಡಿದ. ಬೋರ್ಡಿನ ಮೊಳೆಯ ತೂತುಗಳನ್ನು ನೋಡಿದ. ಗೆಸಿನಾಳ ಹಿಟ್ಟಿನ ಕೈಗಳ ತನಕ ಅವನ ನೋಟ ಬಂತು, ಮುಖದ ತನಕ ಏರಲಿಲ್ಲ. ಅವನು ಇಳಿವಯಸ್ಸಿನವನಂತೆ ಕಂಡ. ಗಂಟಲು ಸರಿಮಾಡಿಕೊಂಡು ಬೇಲಿಯಾಚೆಗೆ ಕೂಗಿದ.

"ಲೋರನ್! ಮನೇಲಿ ಅಮ್ಮ ದಾರಿ ನೋಡ್ತಿದ್ದಾಳೆ. ಬಾ, ಗಾಡಿ ಹತ್ತು."

ಎಸೆತ ನಿಂತಿತು.

"ಎಲ್ರಿಗೂ ಹೇಳಿದ್ದೀನಿ," ಎಂದ ಏಮಸ್, ದನಿ ಸ್ವಲ್ಪ ಇಳಿಸಿ. ಆದರೂ ಹಿಂದಿನ ಗಾಡಿಯವರು ಕತ್ತು ಚಾಚಿ ಕೇಳುತ್ತಿದ್ದರು. "ಗಂಟೆ ಕೇಳಿ ನೋಡೋಕೆ ಹೋದ, ಡಾಕ್ಟರು ಬೋರ್ಡು ಹೊಡೆದ್ರು, ಹುಡುಗ ಒಳಗೆ ಸಿಕ್ಕಿಬಿದ್ದ, ಏನ್ ಮಾಡ್ತಾನೆ ಪಾಪ ಅಂತ. ಎಲ್ರೂ ಒಪ್ಕೊಂಡಿದ್ದಾರೆ. ಯಾರೂ ಒಂದು ಮಾತು ಆಡಲ್ಲ. ಬೋರ್ಡು ಹೋಯ್ತು. ಬಾ. ಹೊಳೆ ಪಕ್ಕದ ಜಮೀನು ಈ ವಸಂತಕ್ಕೆ ನಿಂದೇ ಅಂದಿದ್ದೆ. ಆ ಮಾತು ಹಾಗೇ ಇದೆ. ಸುಮ್ನೆ ಬಂದು ಹತ್ತು, ಅಷ್ಟೇ."

ಎಷ್ಟು ಸುಲಭದ ಸುಳ್ಳು, ಎಂದುಕೊಂಡಳು ಗೆಸಿನಾ. ಉಪ್ಪಿನ ಚೀಲಕ್ಕಿಂತ ಹಗುರ. ಅವನು ಮಾತೂ ಆಡಬೇಕಿಲ್ಲ. ಬೇಲಿ ಹಾರಿ ಗಾಡಿ ಹತ್ತಿದರೆ ಸಾಕು. ಡಾಕ್ಟರ್ ಹೋಗು ಎಂದದ್ದು, ಅವನು ಎರಡೂ ಕೈಯಲ್ಲಿ ಬೋರ್ಡು ಒತ್ತಿ ಹಿಡಿದದ್ದು, ಇವೆಲ್ಲ ಆಗಲೇ ಇಲ್ಲ ಎಂದಾಗಿಬಿಡುತ್ತದೆ. ಆಮೇಲೆ ಬೇಕಾದರೆ ಮತ್ತೆ ಕತ್ತಲಲ್ಲಿ ಬರಬಹುದು.

ಆ ಚೀಲಕ್ಕೆ ತಾನು ಕೈ ಹಾಕುವುದಿಲ್ಲ ಎಂದಿದ್ದಳು. ಗೇಟಿನ ಮೇಲ್ಪಟ್ಟಿಯನ್ನು ಹಿಡಿದಳು, ಕೆಂಪಿನ ಮೇಲೆ ಹಿಟ್ಟಿನ ಬೆರಳುಗಳು ಮೂಡಿದವು.

ಲೋರನ್ ಅವಳನ್ನು ನೋಡಿದ. ನಡುವೆ ಚೀಲವಿರಲಿಲ್ಲ. ಮೂಗಿನ ಮೇಲೆ ಬಟ್ಟೆಯಿರಲಿಲ್ಲ. ಇಡೀ ಮುಖದಿಂದ, ಗಾಡಿಗಳ ಸಾಲೆಲ್ಲ ನೋಡುತ್ತಿರುವಾಗ, ನಿಧಾನವಾಗಿ ನೋಡಿದ. ಎಡಗಣ್ಣಿನ ಅಂಚು ಸುಕ್ಕಾಯಿತು.

ಆಮೇಲೆ ಬಾಗಿ ಒಂದು ತೆನೆ ಮುರಿದ. ಇನ್ನೊಂದು ಮುರಿದ. 

ದಢ್‌ದಢ್.

"ಯಾರೂ ನನ್ನ ಹಿಡಿದಿಟ್ಟಿರ್ಲಿಲ್ಲ ಅಪ್ಪ," ಎಂದ, ಕೊನೆಯ ಗಾಡಿಗೂ ಕೇಳುವಂತೆ. "ಬೋರ್ಡು ಹಿಡ್ಕೊಂಡಿದ್ದೇ ನಾನು. ನಾನು ಬರಲ್ಲ."